ಮೂರನೇ ಸಹಿ ಯಾರಿಗೆ ಬೇಕಿತ್ತು?

ಮೊನ್ನೆ ಹಳೇ ಲ್ಯಾಪ್‌ಟಾಪಿನ ಕಸ ಗುಡಿಸುತ್ತಾ ಕೂತಿದ್ದೆ. ಒಂದು ಫೈಲ್ ಸಿಕ್ಕಿತು. ಹೆಸರು ‘ಟೆಸ್ಟ್ ಅರ್ಜಿ ಫೈನಲ್ ಫೈನಲ್ 4’. 2020ರ ಏಪ್ರಿಲ್ ತಿಂಗಳದ್ದು. ತೆರೆದು ನೋಡಿ ಒಬ್ಬಳೇ ಜೋರಾಗಿ ನಕ್ಕೆ.

ಅದು ನಾವೇ ಪರೀಕ್ಷೆಗೆಂದು ತುಂಬಿದ್ದ ಸುಳ್ಳು ಅರ್ಜಿ. ತುಂಬಿದ್ದು ಆನ್‌ಲೈನ್‌ನಲ್ಲೇ. ಸಹಿ ಹಾಕಬೇಕಾದ ನಾಲ್ವರಲ್ಲಿ ಮೊದಲನೆಯವರು ಅದನ್ನು ಮನೆಯಲ್ಲಿ ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಎರಡನೆಯವರಿಗೆ ಕಳಿಸಿದ್ದಾರೆ. ಎರಡನೆಯವರು ಆ ಸ್ಕ್ಯಾನನ್ನು ಮತ್ತೆ ಪ್ರಿಂಟ್ ತೆಗೆದು, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿದ್ದಾರೆ. ಹೀಗೆ ನಾಲ್ಕು ಸಲ. ನಾಲ್ಕನೆಯವರ ಕೈಗೆ ಬರುವ ಹೊತ್ತಿಗೆ ಹಾಳೆ ಎಡಕ್ಕೆ ವಾಲಿದೆ, ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣುತ್ತವೆ, ಮೂಲೆಯಲ್ಲಿ ಯಾರದೋ ಹೆಬ್ಬೆರಳಿನ ನೆರಳು ಬಿದ್ದಿದೆ. ಅರ್ಜಿದಾರರ ಹೆಸರೇ ಓದಲು ಬರುವುದಿಲ್ಲ. ಕೊನೆಯ ಸಹಿ ಮಾತ್ರ ಕಪ್ಪಗೆ, ಫಳಫಳ ಅಂತ ಕೂತಿದೆ.

ಇದನ್ನೇ ನಾವು ಆಗ ‘ಡಿಜಿಟಲ್ ಆಗಿ ಕೆಲಸ ಮಾಡುವುದು’ ಅಂತ ಕರೆಯುತ್ತಿದ್ದೆವು.

ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಕಷ್ಟದಲ್ಲಿರುವವರು ಸರ್ಕಾರಿ ನೆರವಿಗೆ ಅರ್ಜಿ ಹಾಕುವ ಒಂದು ತಂತ್ರಾಂಶವಿದೆ. ಅದನ್ನು ನೋಡಿಕೊಳ್ಳುವ ಸಣ್ಣ ತಂಡದಲ್ಲಿ ನಾನೂ ಒಬ್ಬಳು. ಪರದೆಯ ಮೇಲೆ ಬರುವ ಮಾತುಗಳನ್ನು ಬರೆಯುವುದು, ಬಟನ್ ಒತ್ತಿ ಒತ್ತಿ ಎಲ್ಲಿ ಕೈ ಕೊಡುತ್ತದೆ ಅಂತ ನೋಡುವುದು ನನ್ನ ಪಾಲು. ಯಾವ ಕಚೇರಿ, ಎಲ್ಲಿಯದು ಅನ್ನುವುದು ಬೇಡ. ಇಂಥ ಕಚೇರಿ ಎಲ್ಲಾ ದೇಶದಲ್ಲೂ ಇರುತ್ತದೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡನ್ನು ಜಾಗತಿಕ ಪಿಡುಗು ಎಂದು ಕರೆಯಿತು. ಅದಾದ ಕೆಲವೇ ದಿನಗಳಲ್ಲಿ ನಮ್ಮ ಕಟ್ಟಡಕ್ಕೆ ಬೀಗ ಬಿತ್ತು. ಅರ್ಜಿಗಳು ಮಾತ್ರ ದಿನದಿಂದ ದಿನಕ್ಕೆ ಜಾಸ್ತಿಯಾದವು. ಕೆಲಸ ಹೋದವರು, ಅಂಗಡಿ ಮುಚ್ಚಿದವರು, ದುಡಿಯುವವರನ್ನೇ ಕಳೆದುಕೊಂಡವರು, ಎಲ್ಲರೂ ಒಟ್ಟಿಗೆ ಬಂದರು. ಕಟ್ಟಡದೊಳಗೆ ಟೇಬಲ್ಲಿಂದ ಟೇಬಲ್ಲಿಗೆ ಹೋಗುತ್ತಿದ್ದ ಕಡತ ಈಗ ಮನೆಯಿಂದ ಮನೆಗೆ ಇಮೇಲಿನಲ್ಲಿ ಹೋಗಬೇಕಾಯಿತು. ಆಗಲೇ ಗೊತ್ತಾಗಿದ್ದು, ಒಂದೊಂದು ಕಡತವೂ ನಾಲ್ಕು ಟೇಬಲ್ ಸುತ್ತುತ್ತಿತ್ತು ಅಂತ. ಕಚೇರಿಯಲ್ಲಿದ್ದಾಗ ಅದು ಕಣ್ಣಿಗೇ ಬಿದ್ದಿರಲಿಲ್ಲ. ಟೇಬಲ್ಲುಗಳು ಅಕ್ಕಪಕ್ಕ ಇದ್ದವು, ಅಷ್ಟೇ.

ಮೂರನೆಯವರ ಮನೆಯಲ್ಲಿ ಪ್ರಿಂಟರ್ ಇರಲಿಲ್ಲ.

ಇಷ್ಟು ಸಣ್ಣ ವಿಷಯ. ಆದರೆ ಒಂದು ವಾರ ಎಲ್ಲಾ ಅರ್ಜಿಗಳೂ ಅವರ ಇನ್‌ಬಾಕ್ಸಿನಲ್ಲಿ ಕೂತವು. ಕೊನೆಗೆ ನಮ್ಮ ಮುಖ್ಯಸ್ಥರು ಫೋನ್ ಮಾಡಿ ನೇರವಾಗಿ ಕೇಳಿದರು: “ನೀವು ಸಹಿ ಹಾಕೋ ಮುಂಚೆ ಏನೇನು ನೋಡ್ತೀರಿ?” ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡನೇ ಸಹಿ ಇದೆಯಾ ಅಂತ ನೋಡ್ತೀನಿ ಸರ್” ಅಂದರು. ಪಾಪ, ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಆ ಸಂಜೆಯೇ ಮೂರನೇ ಸಹಿಯನ್ನು ತಾತ್ಕಾಲಿಕವಾಗಿ ಬಿಡಲಾಗಿದೆ ಅಂತ ಎರಡು ಸಾಲಿನ ಆದೇಶ ಬಂತು. ನನಗೆ ತಿಳಿದಂತೆ ನಮ್ಮ ಸೇವೆಯಲ್ಲಿ ಆ ಇಡೀ ವರ್ಷ ಆದ ಅತಿ ದೊಡ್ಡ ಸುಧಾರಣೆ ಅದೇ. ಅದಕ್ಕೆ ಒಂದು ಸಾಲು ಕೋಡ್ ಕೂಡ ಬರೆದಿರಲಿಲ್ಲ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿದೆ. ಪಿಡುಗಿನ ಕಾಲದಲ್ಲಿ ಎಲ್ಲೆಲ್ಲಿ ಸರ್ಕಾರಿ ಸೇವೆ ನಿಜವಾಗಿ ಚುರುಕಾಯಿತೋ ಅಲ್ಲೆಲ್ಲ ಯಾರೋ ಒಂದು ಹಂತ ಕಿತ್ತು ಹಾಕಿದ್ದಾರೆ, ಇಲ್ಲವೇ ಜನರನ್ನು ಒಂದು ಪ್ರಶ್ನೆ ಕಡಿಮೆ ಕೇಳಿದ್ದಾರೆ. ಹಂತ ಹಾಗೇ ಇಟ್ಟು ಪರದೆ ಮಾತ್ರ ಹಾಕಿದ ಕಡೆ ಕೆಲಸ ಇನ್ನೂ ನಿಧಾನವಾಗಿದೆ.

ಜಪಾನ್ ಕತೆ ನೋಡಿ. 2020ರಲ್ಲಿ ಅಲ್ಲಿನ ಸರ್ಕಾರ ಪ್ರತಿಯೊಬ್ಬ ನಿವಾಸಿಗೂ 1,00,000 ಯೆನ್ ಕೊಡಲು ಹೊರಟಿತು. ಅರ್ಜಿಗೆ ಎರಡು ದಾರಿ. ಅಂಚೆಯಲ್ಲಿ ಮನೆಗೆ ಬರುವ ಫಾರ್ಮ್ ತುಂಬಿ ವಾಪಸ್ ಕಳಿಸಬಹುದು, ಇಲ್ಲದಿದ್ದರೆ ‘ಮೈ ನಂಬರ್’ ಅನ್ನುವ ಗುರುತಿನ ಕಾರ್ಡ್ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ಹಾಕಬಹುದು. ಯಾವುದು ಬೇಗ ಆಗಬೇಕಿತ್ತು? ಆನ್‌ಲೈನ್ ಅಲ್ವಾ? ಆಗಿದ್ದು ಉಲ್ಟಾ. ಅಂಚೆಯಲ್ಲಿ ಬಂದ ಫಾರ್ಮಿನಲ್ಲಿ ಮನೆಮಂದಿಯ ಹೆಸರುಗಳನ್ನು ನಗರಸಭೆಯೇ ತನ್ನ ದಾಖಲೆಯಿಂದ ತೆಗೆದು ಅಚ್ಚು ಹಾಕಿತ್ತು. ಜನ ಬ್ಯಾಂಕ್ ವಿವರ ಬರೆದು ಕಳಿಸಿದರೆ ಮುಗಿಯಿತು. ಆನ್‌ಲೈನ್ ಫಾರ್ಮಿನಲ್ಲಿ ಎಲ್ಲವನ್ನೂ ಜನರೇ ಟೈಪ್ ಮಾಡಬೇಕಿತ್ತು. ತಪ್ಪು ಹೆಸರು, ಒಂದೇ ಮನೆಯಿಂದ ಎರಡೆರಡು ಅರ್ಜಿ. ಸಿಬ್ಬಂದಿ ಅದನ್ನೆಲ್ಲ ಪ್ರಿಂಟ್ ತೆಗೆದು ನಿವಾಸಿಗಳ ದಾಖಲೆಯ ಜೊತೆ ಒಂದೊಂದಾಗಿ ಕೈಯಲ್ಲೇ ತಾಳೆ ನೋಡಿದರು. ಇತ್ತ ಕಾರ್ಡಿನ ಪಾಸ್‌ವರ್ಡ್ ಮರೆತವರು ಕಚೇರಿಗಳ ಮುಂದೆ ಸಾಲು ನಿಂತರು. ಸೋಂಕಿನ ಭಯಕ್ಕೆ ಮನೆಯಿಂದಲೇ ಅರ್ಜಿ ಹಾಕಲಿ ಅಂತ ಮಾಡಿದ ವ್ಯವಸ್ಥೆ ಜನರನ್ನು ಗುಂಪುಗೂಡಿಸಿತು! ಕೊನೆಗೆ ಎಷ್ಟೋ ನಗರಸಭೆಗಳು ಆನ್‌ಲೈನ್ ನಿಲ್ಲಿಸಿ, ದಯವಿಟ್ಟು ಅಂಚೆಯಲ್ಲೇ ಕಳಿಸಿ ಎಂದವು.

ಈ ಕತೆ ಓದಿದಾಗ ನಾನು ನಗಲಿಲ್ಲ. ವಾಲಿದ ಹಾಳೆ ನೆನಪಾಯಿತು. ತನಗೆ ಮೊದಲೇ ಗೊತ್ತಿದ್ದದ್ದನ್ನು ಮತ್ತೆ ಕೇಳಬಾರದು ಅನ್ನುವ ಬುದ್ಧಿ ಆ ಕಾಗದದ ಫಾರ್ಮಿಗೆ ಇತ್ತು, ವೆಬ್‌ಸೈಟಿಗೆ ಇರಲಿಲ್ಲ. ಯುರೋಪಿನ ಪುಟ್ಟ ದೇಶ ಎಸ್ಟೋನಿಯಾ ಇದನ್ನು ನಿಯಮವನ್ನೇ ಮಾಡಿಕೊಂಡಿದೆ. ಒಂದು ಸಲ ಸರ್ಕಾರಕ್ಕೆ ಕೊಟ್ಟ ಮಾಹಿತಿಯನ್ನು ಇನ್ನೊಂದು ಇಲಾಖೆ ಮತ್ತೆ ಕೇಳುವ ಹಾಗಿಲ್ಲ, ಇಲಾಖೆಗಳೇ ಪರಸ್ಪರ ಕೇಳಿಕೊಳ್ಳಬೇಕು. ಅದಕ್ಕೆ ಬೇಕಾದ ಎಕ್ಸ್-ರೋಡ್ ಅನ್ನುವ ವ್ಯವಸ್ಥೆ ಅಲ್ಲಿ 2001ರಿಂದಲೇ ಇದೆ.

ಮತ್ತೆ ಜಪಾನಿಗೇ ಬರುತ್ತೇನೆ, ಯಾಕೆಂದರೆ ಅವರು ಪಾಠವನ್ನೂ ಕಲಿತರು. ಅಲ್ಲಿ ಸಹಿಯ ಬದಲು ಹಾಂಕೋ ಎಂಬ ಮುದ್ರೆ ಒತ್ತುತ್ತಾರೆ. ಸೋಂಕು ಹರಡುತ್ತಿದ್ದಾಗಲೂ ಬರೀ ಮುದ್ರೆ ಒತ್ತಲು ಜನ ರೈಲು ಹತ್ತಿ ಆಫೀಸಿಗೆ ಹೋಗಿದ್ದಾರೆ. 2020ರ ಸೆಪ್ಟೆಂಬರಿನಲ್ಲಿ ಆಡಳಿತ ಸುಧಾರಣೆಯ ಮಂತ್ರಿಯಾದ ತಾರೋ ಕೋನೋ, ಯಾವ್ಯಾವ ಕೆಲಸಕ್ಕೆ ಮುದ್ರೆ ಬೇಕು, ಯಾಕೆ ಬೇಕು ಅಂತ ಎಲ್ಲಾ ಇಲಾಖೆಗಳಿಂದ ಲೆಕ್ಕ ಕೇಳಿದರು. ಸುಮಾರು 15,000 ಬಗೆಯ ಕೆಲಸಗಳ ಪಟ್ಟಿ ಬಂತು. ನಿಜವಾಗಿಯೂ ಉಳಿಸಿಕೊಳ್ಳಬೇಕು ಅಂತ ತೀರ್ಮಾನವಾದದ್ದು 83 ಮಾತ್ರ. ಉಳಿದದ್ದೆಲ್ಲ ನಮ್ಮ ಮೂರನೇ ಸಹಿಯ ಜಾತಿಯದೇ. (ಇದೇ ಮನುಷ್ಯ ಆಮೇಲೆ ಫ್ಲಾಪಿ ಡಿಸ್ಕಿನ ಬೆನ್ನು ಹತ್ತಿದರು. ಅರ್ಜಿಯನ್ನು ಫ್ಲಾಪಿಯಲ್ಲಿ ಹಾಕಿ ಕೊಡಿ ಅನ್ನುವ ನಿಯಮಗಳು ಹೆಚ್ಚುಕಡಿಮೆ ಪೂರ್ತಿ ಹೋಗಲು 2024 ಬರಬೇಕಾಯಿತು.)

ಇನ್ನೊಂದು ವಿಷಯ. ಪಿಡುಗಿನ ಹೊತ್ತಲ್ಲಿ ಯಾರೂ ಬೇಗ ಬೇಗ ಏನನ್ನೂ ಕಟ್ಟಲಿಲ್ಲ ಅಂತಲ್ಲ. ಕಟ್ಟಿದರು. ಆದರೆ ಬೇಗ ಕಟ್ಟಿದವರ ಕಾಲ ಕೆಳಗೆ ಮೊದಲೇ ನೆಲ ಇತ್ತು. ಬ್ರಿಟನ್ನಿನಲ್ಲಿ ಕೆಲಸಗಾರರನ್ನು ತೆಗೆಯಬೇಡಿ, ಅವರ ಸಂಬಳದ ದೊಡ್ಡ ಪಾಲು ನಾವು ಕೊಡುತ್ತೇವೆ ಅಂತ ಸರ್ಕಾರ 2020ರ ಮಾರ್ಚ್ 20ರಂದು ಹೇಳಿತು. ಏಪ್ರಿಲ್ 20ಕ್ಕೆ ಪೋರ್ಟಲ್ ತೆರೆಯಿತು. ಸರಿಯಾಗಿ ಒಂದು ತಿಂಗಳು. ಕೊನೆಗೆ 1 ಕೋಟಿ 17 ಲಕ್ಷ ಉದ್ಯೋಗಗಳಿಗೆ ಅದರಿಂದ ಹಣ ಹೋಯಿತು. ಇದು ಸಾಧ್ಯವಾಗಲು ಕಾರಣ ಆ ತಿಂಗಳ ಶ್ರಮ ಒಂದೇ ಅಲ್ಲ. 2013ರಿಂದಲೇ ಅಲ್ಲಿನ ಕಂಪನಿಗಳು ಸಂಬಳ ಕೊಟ್ಟಾಗಲೆಲ್ಲ ಅದರ ವಿವರವನ್ನು ತೆರಿಗೆ ಇಲಾಖೆಗೆ ಕಳಿಸುತ್ತಿದ್ದವು. ಯಾರು ಎಲ್ಲಿ ಕೆಲಸ ಮಾಡುತ್ತಾರೆ, ಎಷ್ಟು ಸಂಬಳ ಅನ್ನುವುದು ಇಲಾಖೆಗೆ ಗೊತ್ತಿತ್ತು. ಹೊಸದಾಗಿ ಕೇಳಬೇಕಾಗಿದ್ದು ಸ್ವಲ್ಪವೇ.

ಅತ್ತ ಅಮೆರಿಕದ ನ್ಯೂಜೆರ್ಸಿಯಲ್ಲಿ, ಅದೇ ಏಪ್ರಿಲ್‌ನಲ್ಲಿ, ಗವರ್ನರ್ ಫಿಲ್ ಮರ್ಫಿ ಪತ್ರಿಕಾಗೋಷ್ಠಿಯಲ್ಲಿ ನಿಂತು ಕೋಬಾಲ್ ಅನ್ನುವ ಹಳೇ ಕಂಪ್ಯೂಟರ್ ಭಾಷೆ ಗೊತ್ತಿರುವವರು ದಯವಿಟ್ಟು ಸಹಾಯಕ್ಕೆ ಬನ್ನಿ ಎಂದು ಕೇಳಿಕೊಂಡರು. ನಿರುದ್ಯೋಗ ಭತ್ಯೆ ಕೊಡುವ ಅವರ ವ್ಯವಸ್ಥೆ ಆಗಲೇ 40 ವರ್ಷಕ್ಕೂ ಹಳೆಯದಾಗಿತ್ತು. ಕೋಬಾಲ್ ಭಾಷೆಯ ವಿನ್ಯಾಸ ಶುರುವಾಗಿದ್ದು 1959ರಲ್ಲಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಅಂದರೆ ಇದೇ ನೋಡಿ. ನನ್ನ ಜೊತೆಯ ಹುಡುಗರೆಲ್ಲ ಕೋಬಾಲನ್ನೇ ಬೈದರು. ನಾನು ಕೋಬಾಲಿನ ಪರ. ಅಷ್ಟು ವರ್ಷ ತಪ್ಪಿಲ್ಲದೆ ಲೆಕ್ಕ ಹಾಕಿದ್ದು ಪಾಪ ಅದೇ. ಅದನ್ನು ಬಲ್ಲವರು ಒಬ್ಬೊಬ್ಬರೇ ನಿವೃತ್ತಿಯಾಗಿ ಹೋಗುವಾಗ ಯಾರಿಗೂ ಚಿಂತೆಯಾಗಲಿಲ್ಲ ಅನ್ನುವುದೇ ಅಸಲಿ ಸಮಸ್ಯೆ.

ಎಕ್ಸೆಲ್ ಕತೆ ಕೇಳಿರಬಹುದು, ಆದರೂ ಹೇಳುತ್ತೇನೆ, ಟೆಸ್ಟ್ ಮಾಡುವವಳಾಗಿ ನನಗೆ ಅದನ್ನು ಬಿಡಲು ಆಗುವುದಿಲ್ಲ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನಲ್ಲಿ 15,841 ಸೋಂಕಿತರ ಲೆಕ್ಕವೇ ತಪ್ಪಿ ಹೋಯಿತು. ಲ್ಯಾಬ್‌ಗಳಿಂದ ಬಂದ ಮಾಹಿತಿಯನ್ನು ಹಳೇ ಎಕ್ಸ್‌ಎಲ್‌ಎಸ್ ಮಾದರಿಯ ಫೈಲಿಗೆ ಸುರಿಯುತ್ತಿದ್ದರು. ಆ ಮಾದರಿಯಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. ಒಬ್ಬ ರೋಗಿಗೆ ಹಲವು ಸಾಲು. ತುಂಬಿದ ಮೇಲೆ ಉಳಿದದ್ದು ಸದ್ದಿಲ್ಲದೆ ಚೆಲ್ಲಿ ಹೋಯಿತು. ಸದ್ದಿಲ್ಲದೆ ಅನ್ನುವುದೇ ಇಲ್ಲಿ ಮುಖ್ಯ. ‘ಜಾಗ ಸಾಲದು’ ಅಂತ ಎಲ್ಲೂ ಯಾರ ಕಣ್ಣಿಗೂ ಬೀಳಲಿಲ್ಲ. ಆ ರೋಗಿಗಳಿಗೆ ಫಲಿತಾಂಶ ಸಿಕ್ಕಿತ್ತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಮಾತ್ರ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಅಷ್ಟು ದಿನ ಆ ಜನ ತಮ್ಮ ಪಾಡಿಗೆ ಓಡಾಡಿಕೊಂಡಿದ್ದರು. ಕಂಪ್ಯೂಟರ್ ಕೈ ಕೊಟ್ಟರೆ ಪರವಾಗಿಲ್ಲ, ಕೂಗಿ ಕೈ ಕೊಡಬೇಕು.

ಕೂಗುವ ಮಾತು ಬಂದಾಗ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಕೂಗಿದರೂ ಅರ್ಥವಾಗುವ ಹಾಗೆ ಕೂಗಬೇಕಲ್ಲ.

ಆ ದಿನಗಳಲ್ಲಿ ಹೆಲ್ಪ್‌ಲೈನಿಗೆ ಜನ ಸಾಲದೆ ನಾವೂ ಸರದಿಯಲ್ಲಿ ಫೋನ್ ಎತ್ತುತ್ತಿದ್ದೆವು. ಮೊದಲ ದಿನ ಮೊದಲ ಕಾಲ್. ವಯಸ್ಸಾದ ದನಿ. ಗಂಡ ತೀರಿಕೊಂಡಿದ್ದಾರೆ, ನೆರವಿಗೆ ಅರ್ಜಿ ಹಾಕುತ್ತಿದ್ದಾರೆ, ಪಕ್ಕದ ಮನೆಯವರ ಫೋನಿನಿಂದ. “ಫೋಟೋ ಚಿಕ್ಕದು ಮಾಡಿ ಅಂತ ಬರ್ತಾ ಇದೆ ತಾಯಿ. ಇದು ಚಿಕ್ಕದೇ ಇದೆಯಲ್ಲಾ, ಪಾಸ್‌ಪೋರ್ಟ್ ಸೈಜೇ ತೆಗೆಸಿದ್ದು. ಇನ್ನೂ ಚಿಕ್ಕದು ಅಂದ್ರೆ ಮುಖ ಕಾಣೋದೇ ಇಲ್ಲ.” ಮೂರು ದಿನದಿಂದ ಪ್ರಯತ್ನ ಮಾಡುತ್ತಿದ್ದರಂತೆ. ಒಂದು ಫೋಟೋವನ್ನು ಕತ್ತರಿಯಲ್ಲಿ ಸುತ್ತ ಕತ್ತರಿಸಿಯೂ ನೋಡಿದ್ದರು.

ಪರದೆಯ ಮೇಲಿನ ಆ ಸಾಲು ಬರೆದವಳು ನಾನು. ‘ಚಿತ್ರದ ಗಾತ್ರ 50 ಕೆಬಿ ಮೀರಬಾರದು. ದಯವಿಟ್ಟು ಚಿಕ್ಕದು ಮಾಡಿ ಮತ್ತೆ ಪ್ರಯತ್ನಿಸಿ.’ ವ್ಯಾಕರಣ ಸರಿ ಇದೆ. ದಯವಿಟ್ಟು ಅಂತಲೂ ಇದೆ. ಆದರೆ ಆ ಅಮ್ಮನಿಗೆ ಅದರಿಂದ ಮೂರು ದಿನ ಹಾಳಾಯಿತು. ಅವತ್ತು ರಾತ್ರಿ ತಂಡದ ಗುಂಪಿನಲ್ಲಿ ಕೇಳಿದೆ: 50 ಕೆಬಿ ಯಾಕೆ? ಯಾರಿಗೂ ಗೊತ್ತಿಲ್ಲ. ಯಾವುದೋ ಕಾಲದಲ್ಲಿ ಸರ್ವರಿನಲ್ಲಿ ಜಾಗ ಕಡಿಮೆ ಇದ್ದಾಗ ಯಾರೋ ಹಾಕಿದ ಮಿತಿ. ಈಗಿನ ಫೋನಿನಲ್ಲಿ ಒಂದು ಫೋಟೋ ತೆಗೆದರೆ ಸುಲಭವಾಗಿ ಎರಡು ಮೂರು ಎಂಬಿ ಆಗುತ್ತದೆ. ಫೋಟೋವನ್ನು ನಮ್ಮ ಸರ್ವರೇ ಚಿಕ್ಕದು ಮಾಡಿಕೊಳ್ಳುವ ಹಾಗೆ ಒಬ್ಬ ಹುಡುಗ ಒಂದೇ ದಿನದಲ್ಲಿ ಬದಲಾಯಿಸಿದ. ಅಷ್ಟಕ್ಕೇ ಖುಷಿಯಾಗಿ ಮಲಗಬಹುದಿತ್ತು. ನಮ್ಮಲ್ಲಿ ಒಬ್ಬಳು ತರಲೆ ಇದ್ದಾಳೆ, ಅವಳು ಮರುದಿನ ಕೇಳಿದಳು: “ಈ ಫೋಟೋನ ಯಾರು ನೋಡ್ತಾರೆ?” ಹುಡುಕಿದೆವು. ಯಾರೂ ನೋಡುವುದಿಲ್ಲ. ಗುರುತು ಹಿಡಿಯಲು ಗುರುತಿನ ಚೀಟಿಯ ಸಂಖ್ಯೆ ಸಾಕಾಗಿತ್ತು. ಕಾಗದದ ಕಾಲದಲ್ಲಿ ಅರ್ಜಿಯ ಬಲಗಡೆ ಮೇಲೆ ಫೋಟೋ ಅಂಟಿಸಲು ಒಂದು ಚೌಕ ಇತ್ತು, ಅದೇ ಚೌಕ ಪರದೆಗೂ ಬಂದಿತ್ತು.

ಫೋಟೋ ತೆಗೆದು ಹಾಕಿದೆವು. ಫೋಟೋ ಬಗ್ಗೆ ಬರುತ್ತಿದ್ದ ಕಾಲ್‌ಗಳೂ ನಿಂತವು.

ಸರಳವಾಗಿಸುವುದು ಅಂದಾಗಲೆಲ್ಲ ನನಗೆ ಆಫ್ರಿಕಾದ ಪುಟ್ಟ ದೇಶ ಟೋಗೋ ನೆನಪಾಗುತ್ತದೆ. 2020ರ ಏಪ್ರಿಲ್ 8ರಂದು ಅವರು ನೊವಿಸ್ಸಿ ಅನ್ನುವ ನೆರವಿನ ಯೋಜನೆ ಶುರು ಮಾಡಿದರು. ಎವೆ ಭಾಷೆಯಲ್ಲಿ ಆ ಪದಕ್ಕೆ ಒಗ್ಗಟ್ಟು ಅಂತ ಅರ್ಥ. ಅರ್ಜಿಗೆ ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ. ಫೋನಿನ ಬ್ಯಾಲೆನ್ಸ್ ನೋಡಲು ಸ್ಟಾರ್, ಹ್ಯಾಶ್ ಅಂತ ಒತ್ತುತ್ತೇವಲ್ಲ, ಅದೇ ರೀತಿ *855# ಒತ್ತಿದರೆ ಸಾಕು. ಗುರುತಿಗೆ ಮತದಾರರ ಪಟ್ಟಿ, ಹಣ ಮೊಬೈಲ್ ಖಾತೆಗೆ. ಮೊದಮೊದಲು ಗಂಡಸರಿಗೆ ತಿಂಗಳಿಗೆ 10,500 ಫ್ರಾಂಕ್, ಹೆಂಗಸರಿಗೆ 12,250. ಮನೆ ನಡೆಸುವವರ ಕೈಗೆ ಸ್ವಲ್ಪ ಜಾಸ್ತಿ. ದೋಷ ಇರಲಿಲ್ಲ ಅಂತಲ್ಲ, ಮತದಾರರ ಚೀಟಿ ಇಲ್ಲದವರು ಹೊರಗೇ ಉಳಿದರು. ಆದರೂ ಜನರ ಕೈಯಲ್ಲಿ ಈಗಾಗಲೇ ಏನಿದೆ ಅಂತ ನೋಡಿ ಅಲ್ಲಿಂದ ಶುರು ಮಾಡಿದ್ದು ನನಗೆ ಬಹಳ ಹಿಡಿಸಿತು.

ಇದಕ್ಕೆ ಉಲ್ಟಾ ದಾರಿ ಹಿಡಿದವರೂ ಇದ್ದಾರೆ. ಭಾರತದಲ್ಲಿ 2021ರ ಮೇ 1ರಿಂದ 18ರಿಂದ 44 ವರ್ಷದವರಿಗೆ ಲಸಿಕೆ ತೆರೆದಾಗ ಕೋವಿನ್‌ನಲ್ಲಿ ಹೆಸರು ನೋಂದಾಯಿಸಿ, ಸಮಯ ಗೊತ್ತು ಮಾಡಿಕೊಂಡೇ ಬರಬೇಕಿತ್ತು. ಬೆರಳು ಚುರುಕಾಗಿದ್ದವರಿಗೆ ಸ್ಲಾಟ್ ಸಿಕ್ಕಿತು. ಆ ತಿಂಗಳ ಕೊನೆಯ ವೇಳೆಗೆ ಸರ್ಕಾರಿ ಕೇಂದ್ರಗಳಿಗೆ ನೇರವಾಗಿ ಹೋಗಲು ಅವಕಾಶ ಕೊಡಬೇಕಾಯಿತು. ಇಂಟರ್‌ನೆಟ್ ಇಲ್ಲದವರು ಏನು ಮಾಡಬೇಕು ಅಂತ ಸುಪ್ರೀಂ ಕೋರ್ಟೂ ಕೇಳಿತು. ನನ್ನ ಪ್ರಕಾರ ಆನ್‌ಲೈನ್ ಅನ್ನುವುದು ಒಂದು ಬಾಗಿಲು ಆಗಿರಬೇಕು. ಇರುವುದೊಂದೇ ಬಾಗಿಲು ಅದಾದರೆ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಗುತ್ತದೆ. ಪೂಜಾರಿಯ ಜಾಗದಲ್ಲಿ ಈಗ ಒಟಿಪಿ ಕೂತಿದೆ ಅಷ್ಟೇ.

ಸರಿ, ಎಲ್ಲಾ ಹಂತ ಕಿತ್ತು ಹಾಕಿಬಿಡೋಣ ಅಂತೀರಾ? ಹಾಗೂ ಮಾಡಿ ನೋಡಿದ್ದಾರೆ. ಬ್ರಿಟನ್ ಸಣ್ಣ ಉದ್ಯಮಗಳಿಗೆ ‘ಬೌನ್ಸ್ ಬ್ಯಾಕ್’ ಅಂತ ಸಾಲ ಕೊಟ್ಟಿತು. ಬೇಗ ಹಣ ತಲುಪಲಿ ಅಂತ ಅರ್ಜಿದಾರರು ಬರೆದುಕೊಟ್ಟದ್ದನ್ನೇ ನಂಬಿದರು. ಹಣ ಬೇಗ ತಲುಪಿತು, ಮೋಸಗಾರರಿಗೂ ಬೇಗ ತಲುಪಿತು. ವಂಚನೆ ತಡೆಯುವ ಹೊಣೆ ಹೊತ್ತಿದ್ದ ಮಂತ್ರಿ ಲಾರ್ಡ್ ಆಗ್ನ್ಯೂ 2022ರ ಜನವರಿಯಲ್ಲಿ ಸದನದಲ್ಲೇ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡು, ಅಲ್ಲೇ ರಾಜೀನಾಮೆ ಕೊಟ್ಟು ಎದ್ದು ಹೋದರು. ನಮ್ಮಲ್ಲೂ ಅಷ್ಟೇ. ಮೂರನೇ ಸಹಿ ಸುಮ್ನೆ ಇತ್ತು, ನಿಜ. ಎರಡನೇ ಸಹಿ ಹಾಗಲ್ಲ. ಎರಡನೆಯವರು ಬ್ಯಾಂಕ್ ಖಾತೆಯ ಹೆಸರನ್ನೂ ಅರ್ಜಿದಾರರ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಒಂದೇ ಖಾತೆಗೆ ಬೇರೆ ಬೇರೆ ಹೆಸರಿನಲ್ಲಿ ಬಂದ ಅರ್ಜಿಗಳನ್ನು ಅವರು ಹಿಡಿದದ್ದು ನನಗೇ ಗೊತ್ತು. ಹಾಗಾಗಿ ಯಾವ ಸಹಿ ಏನು ಕೆಲಸ ಮಾಡುತ್ತಿದೆ ಅಂತ ಕೇಳದೆ ಕಿತ್ತರೂ ಕಷ್ಟ, ಕೇಳದೆ ಇಟ್ಟುಕೊಂಡರೂ ಕಷ್ಟ.

ನಂಬಿಕೆಯದು ಇನ್ನೊಂದು ಮುಖ. ಸಿಂಗಾಪುರದ ಟ್ರೇಸ್‌ಟುಗೆದರ್ ಆ್ಯಪ್ 2020ರ ಮಾರ್ಚ್‌ನಲ್ಲಿ ಬಂತು. ಸೋಂಕಿನ ಸಂಪರ್ಕ ಹುಡುಕಲು ಮಾತ್ರ ಬಳಸುತ್ತೇವೆ ಎಂದಿದ್ದರು. 2021ರ ಜನವರಿಯಲ್ಲಿ, ಅಪರಾಧದ ತನಿಖೆಗೆ ಪೊಲೀಸರೂ ಆ ಮಾಹಿತಿ ಪಡೆಯಬಹುದು ಅಂತ ಸಂಸತ್ತಿನಲ್ಲಿ ಹೊರಬಿತ್ತು. ಜನ ಸಿಟ್ಟಾದರು. ಮರುತಿಂಗಳೇ ಕಾನೂನು ತಂದು, ಏಳು ಬಗೆಯ ಗಂಭೀರ ಅಪರಾಧಗಳಿಗೆ ಮಾತ್ರ ಎಂದು ಮಿತಿ ಹಾಕಿದರು. ಕೊಟ್ಟ ಮಾತು ಒಂದು ಸಲ ಜಾರಿದರೆ ಮುಂದಿನ ಆ್ಯಪನ್ನು ಯಾರು ಹಾಕಿಕೊಳ್ಳುತ್ತಾರೆ ಹೇಳಿ.

ಮನೆಯಿಂದ ಕೆಲಸ ಮಾಡಿದ ಬಗ್ಗೆ ಎಲ್ಲರೂ ಎಲ್ಲವನ್ನೂ ಹೇಳಿಯಾಗಿದೆ. ಮ್ಯೂಟ್ ತೆಗೆಯಿರಿ, ಮ್ಯೂಟ್ ತೆಗೆಯಿರಿ. ಹದಿನೈದು ನಿಮಿಷದ ಮೀಟಿಂಗ್ ಒಂದೂವರೆ ಗಂಟೆ. ಚಾಟ್‌ನಲ್ಲಿ ಹಸಿರು ಚುಕ್ಕಿ ಇದೆಯಾ ಅಂತ ನೋಡುವ ಮೇಲಧಿಕಾರಿ, ಚುಕ್ಕಿ ಹಸಿರಾಗಿರಲಿ ಅಂತ ಊಟದ ಮಧ್ಯೆ ಎಡಗೈಯಲ್ಲಿ ಮೌಸ್ ಅಲ್ಲಾಡಿಸುವ ನೌಕರ. ಇದೂ ಮೂರನೇ ಸಹಿಯೇ, ಬಣ್ಣ ಬೇರೆ. ಇನ್ನು ಮನೆಯಿಂದ ಕೆಲಸ ಅನ್ನುವ ಸೌಲಭ್ಯ ನಮ್ಮಂಥವರಿಗೆ ಇತ್ತು, ಕಸ ಎತ್ತುವವರಿಗೆ, ನರ್ಸ್‌ಗಳಿಗೆ, ಕೌಂಟರಿನಲ್ಲಿ ಕೂರುವವರಿಗೆ ಇರಲಿಲ್ಲ ಅನ್ನುವುದನ್ನು ಮರೆತು ಈ ಚರ್ಚೆ ಮಾಡುವುದು ನನಗೆ ಸ್ವಲ್ಪ ಮುಜುಗರ.

ಆದರೆ ಒಂದು ಲಾಭದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದು ಬರೆದಿಡುವುದು. ನಮ್ಮ ಕಚೇರಿಯಲ್ಲಿ ಒಬ್ಬರು ಹಿರಿಯ ಗುಮಾಸ್ತರಿದ್ದರು. ನಿಯಮಗಳೆಲ್ಲ ಅವರ ತಲೆಯಲ್ಲೇ ಇದ್ದವು. ‘ಅರ್ಜಿದಾರರ ಹೆಸರು ಎರಡು ದಾಖಲೆಯಲ್ಲಿ ಎರಡು ಥರ ಇದ್ದರೆ ಏನು ಮಾಡೋದು?’ ಎದ್ದು ಹೋಗಿ ಅವರ ಟೇಬಲ್ ಹತ್ತಿರ ನಿಂತರೆ ಉತ್ತರ. ಎಲ್ಲರೂ ಮನೆ ಸೇರಿದ ಮೇಲೆ ಅವರ ಫೋನ್ ಬೆಳಗಿನಿಂದ ರಾತ್ರಿವರೆಗೆ ಬಡಿದುಕೊಂಡಿತು. ಒಂದು ದಿನ ಬೇಸತ್ತು, “ಅಮ್ಮಾ, ನಾನು ಹೇಳ್ತಾ ಹೋಗ್ತೀನಿ, ನೀನು ಬರ್ಕೊ, ಎಲ್ಲರಿಗೂ ಕಳಿಸು, ನನ್ನ ಬಿಟ್ಬಿಡಿ” ಅಂದರು. ದಿನಾ ಸಂಜೆ ಅರ್ಧ ಗಂಟೆ ಅವರು ಹೇಳುವುದು, ನಾನು ಎಲ್ಲರೂ ತೆರೆಯಬಹುದಾದ ಒಂದೇ ಕಡತದಲ್ಲಿ ಟೈಪ್ ಮಾಡುವುದು. ಹೀಗಾದರೆ ಹೀಗೆ ಮಾಡಿ, ಇದಾದರೆ ಇವರನ್ನು ಕೇಳಿ, ಇದಕ್ಕೆ ನಿಯಮವೇ ಇಲ್ಲ, ಮನುಷ್ಯತ್ವ ನೋಡಿ. ಕೊನೆಯದನ್ನೂ ಹಾಗೇ ಟೈಪ್ ಮಾಡಿದೆ. ಮರುವರ್ಷ ಅವರು ನಿವೃತ್ತರಾದರು. ಈಗ ಹೊಸಬರು ಯಾರೇ ಬಂದರೂ ಮೊದಲು ಓದುವುದು ಆ ಕಡತವನ್ನೇ. ನ್ಯೂಜೆರ್ಸಿಯವರಿಗೆ ಇಂಥ ಒಂದು ಸಂಜೆ ಸಿಕ್ಕಿದ್ದರೆ ಅಂತ ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಮುಗಿಯಿತು ಎಂದಿತು. ನಮ್ಮಲ್ಲಿ ಅದಕ್ಕೂ ಮೊದಲೇ ಎಲ್ಲಾ ‘ಮಾಮೂಲಿಗೆ’ ಬಂದಿತ್ತು. ಮಾಮೂಲಿ ಅನ್ನುವುದು ಎಷ್ಟು ಗಟ್ಟಿ ಅಂದರೆ, ಅದನ್ನು ಬದಲಾಯಿಸುವಾಗ ‘ತಾತ್ಕಾಲಿಕವಾಗಿ’ ಅಂತ ಬರೆಯುತ್ತೇವೆ, ವಾಪಸ್ ತರುವಾಗ ಏನೂ ಬರೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳ ಸಭೆಗಳನ್ನು ವಿಡಿಯೋದಲ್ಲಿ ನಡೆಸಲು ಕೊಟ್ಟ ಅನುಮತಿ 2021ರ ಮೇ 7ಕ್ಕೆ ಮುಗಿದೇ ಹೋಯಿತು. ಮತ್ತೆ ಎಲ್ಲರೂ ಖುದ್ದಾಗಿ ಬಂದು ಕೂರಬೇಕಾಯಿತು. ಉಯಿಲಿಗೆ ವಿಡಿಯೋದಲ್ಲಿ ಸಾಕ್ಷಿ ಹಾಕುವ ಅವಕಾಶ 2024ರ ಜನವರಿ 31ಕ್ಕೆ ಮುಗಿಯಿತು. ಉಯಿಲಿನ ವಿಷಯದಲ್ಲಿ ನನಗೆ ತಕರಾರಿಲ್ಲ, ವಯಸ್ಸಾದವರ ಕ್ಯಾಮೆರಾದ ಆಚೆ ಯಾರು ಕೂತಿದ್ದಾರೋ ಯಾರಿಗೆ ಗೊತ್ತು. ಸಭೆಯದು ಮಾತ್ರ ಅನ್ಯಾಯ. ಮಗು ಮಲಗಿಸಿ ಬಂದು ಕೂರುವ ಸದಸ್ಯೆಗೆ ಅದೊಂದು ದಾರಿಯಾಗಿತ್ತು.

ನಮ್ಮ ಮೂರನೇ ಸಹಿ? ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂತು. ಲೆಕ್ಕ ತಪಾಸಣೆಯವರು ಒಂದು ಹಳೇ ಅರ್ಜಿ ಎತ್ತಿಕೊಂಡು ‘ಇಲ್ಲಿ ಮೂರನೇ ಸಹಿ ಯಾಕಿಲ್ಲ?’ ಅಂತ ಕೇಳಿದರಂತೆ. ತಾತ್ಕಾಲಿಕ ಆದೇಶದ ಅವಧಿ ಮುಗಿದ ಮೇಲಿನ ಅರ್ಜಿ ಅದು. ಅಷ್ಟು ಸಾಕಾಯಿತು. ಹೊಸ ತಂತ್ರಾಂಶ ಬಂದಾಗ ನಾಲ್ಕು ಹಂತ ಮತ್ತೆ ನೆಟ್ಟಗೆ ನಿಂತವು. ಪ್ರಿಂಟ್ ಇಲ್ಲ, ಸ್ಕ್ಯಾನ್ ಇಲ್ಲ, ಈಗ ಒಂದು ನೀಲಿ ಬಟನ್: ‘ಮೂರನೇ ಅನುಮೋದನೆ’. ಮೀಟಿಂಗಿನಲ್ಲಿ ಇದು ಯಾಕೆ ಅಂತ ಕೇಳಿದೆ. “ಮೊದಲಿಂದಲೂ ಇತ್ತಲ್ವಾ ಮೇಡಂ” ಅಂದರು ಹೊಸ ಅಧಿಕಾರಿ. ಅವರದ್ದು ತಪ್ಪಿಲ್ಲ. ಸಹಿ ಇರುವುದು ಪರಿಶೀಲನೆಗೆ ಅಂತ ನಾವು ಹೊರಗಿನಿಂದ ಅಂದುಕೊಳ್ಳುತ್ತೇವೆ. ಒಳಗಿದ್ದವರಿಗೆ ಅದು ಕೊಡೆ. ನಾಳೆ ಏನಾದರೂ ಎಡವಟ್ಟಾದರೆ ಮಳೆ ಒಬ್ಬರ ಮೇಲೇ ಸುರಿಯದಿರಲಿ ಅಂತ ನಾಲ್ಕು ಜನ ಒಂದೇ ಕೊಡೆ ಹಿಡಿದಿರುತ್ತಾರೆ. ಆ ಭಯಕ್ಕೆ ಬೇರೆ ಪರಿಹಾರ ಕೊಡದೆ ಬಟನ್ ತೆಗೆಯಿರಿ ಅಂದರೆ ಯಾರು ತೆಗೆಯುತ್ತಾರೆ?

ಹಾಗಾಗಿ ಈ ಸಲ ಜಗಳ ಮಾಡಲಿಲ್ಲ. ಹೊಸ ತಂತ್ರಾಂಶದಲ್ಲಿ ಒಂದು ಒಳ್ಳೆಯದಿದೆ, ಯಾರು ಯಾವಾಗ ತೆರೆದರು, ಯಾವಾಗ ಒತ್ತಿದರು ಅನ್ನುವುದೆಲ್ಲ ಲಾಗ್‌ನಲ್ಲಿ ಉಳಿಯುತ್ತದೆ. ಒಂದು ತಿಂಗಳ ಲಾಗ್ ತೆಗೆದೆ. ಎರಡನೆಯವರು ಒಂದೊಂದು ಅರ್ಜಿಯ ಮೇಲೆ ನಿಮಿಷಗಟ್ಟಲೆ ಕೂತಿದ್ದಾರೆ. ಮೂರನೇ ಹಂತದಲ್ಲಿ ತೆರೆದದ್ದಕ್ಕೂ ಒತ್ತಿದ್ದಕ್ಕೂ ನಡುವೆ ನಾಲ್ಕೈದು ಸೆಕೆಂಡು. ತಿರಸ್ಕಾರ ಆದದ್ದು ಒಂದೂ ಇಲ್ಲ. ಆದರೆ ಅರ್ಜಿಗಳು ಆ ಹಂತಕ್ಕೆ ಬಂದು ಕಾದದ್ದು ದಿನಗಟ್ಟಲೆ. ಹೆಸರುಗಳನ್ನು ತೆಗೆದು, ಒಂದು ಹಾಳೆಯಲ್ಲಿ ಇಷ್ಟನ್ನೇ ಹಾಕಿ ಅಧಿಕಾರಿಗೆ ಕಳಿಸಿದ್ದೇನೆ. ಈ ಹಂತ ತೆಗೆದರೆ ಹೊಣೆ ಯಾರದು ಅಂತ ಬರೆದ ಒಂದು ಸಾಲಿನ ಆದೇಶದ ಕರಡನ್ನೂ ಜೊತೆಗೆ ಇಟ್ಟಿದ್ದೇನೆ. ಈ ಸಲ ಅದರಲ್ಲಿ ‘ತಾತ್ಕಾಲಿಕ’ ಅನ್ನುವ ಪದ ಇಲ್ಲ.

ಉತ್ತರ ಬಂದಿಲ್ಲ. ಮಂಗಳವಾರ ಮೀಟಿಂಗ್ ಇದೆ. ಆ ವಾಲಿದ ಹಾಳೆಯ ಫೈಲನ್ನು ಅಳಿಸದೆ ಡೆಸ್ಕ್‌ಟಾಪಿನ ಮೇಲೇ ಇಟ್ಟುಕೊಂಡಿದ್ದೇನೆ. ಪರದೆ ಶೇರ್ ಮಾಡಿದಾಗ ಮೊದಲು ಅದನ್ನು ತೆರೆಯಬೇಕು ಅಂತ.